ಬಾಡಿಗೆ ಕೊಟ್ಟದ್ದು ದೋಣಿಗೆ, ಕಡಲಿಗಲ್ಲ

ಕಳೆದ ಜನವರಿಯ ಒಂದು ಬೆಳಿಗ್ಗೆ. ಸುಬಹ್ ನಮಾಝ್ ಮುಗಿಸಿ ನಾವೆಲ್ಲ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ದಡದಲ್ಲಿ ನಿಂತಿದ್ದೆವು. ಡಾಲ್ಫಿನ್ ನೋಡಲು ಒಂದು ಸಣ್ಣ ದೋಣಿಯನ್ನು ನಮ್ಮ ಮನೆಯವರಿಗೆ ಮಾತ್ರ ಅಂತ ಪೂರ್ತಿ ಬಾಡಿಗೆಗೆ ಹೇಳಿಟ್ಟಿದ್ದೆ. ಫೋನಿನಲ್ಲಿ ಮಾತಾಡುವಾಗ ದೋಣಿಯವರು ಎಷ್ಟು ಜನ ಅಂತ ಕೇಳಿದ್ದರು. ಎಂಟು ಅಂದಿದ್ದೆ. ನಾನು, ಹೆಂಡತಿ, ಮೂರು ಮಕ್ಕಳು, ಮಾಮಿ (ಹೆಂಡತಿಯ ಉಮ್ಮ), ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ಹೆಂಡತಿಯ ತಮ್ಮ ಮತ್ತು ಅವನ ಹೆಂಡತಿ. ಲೆಕ್ಕ ಸರಿಯಾಗಿತ್ತು.

ಆದರೆ ನಮ್ಮ ಮನೆಗಳಲ್ಲಿ ಲೆಕ್ಕ ಎಲ್ಲಿ ನಿಲ್ಲುತ್ತದೆ? ಹೊರಡುವ ಹಿಂದಿನ ದಿನ ಭಾವ ಫೋನ್ ಮಾಡಿದರು. "ಸದಾಶಿವಗಡದ ದರ್ಗಾ ಝಿಯಾರತ್‌ಗೆ ನಾವೂ ಬರಬೇಕು ಅಂತಿದ್ದೆವು, ಒಟ್ಟಿಗೇ ಹೋಗುವ" ಅಂದರು. ಅವರು, ಅವರ ಹೆಂಡತಿ, ಮೂರು ಹುಡುಗರು. ಬೇಡ ಅನ್ನಲು ಆಗುತ್ತದೆಯೇ? ದಡಕ್ಕೆ ಬಂದು ಇಳಿದಾಗ ನಾವು ಹದಿಮೂರು ಜನ.

ದೋಣಿಯವರು ಐವತ್ತು ದಾಟಿದ ಮನುಷ್ಯ. ಮೀನುಗಾರಿಕೆಯಲ್ಲೇ ಬೆಳೆದವರು. ನಮ್ಮನ್ನು ಕಣ್ಣಲ್ಲೇ ಎಣಿಸಿದರು. "ಎಂಟು ಅಂದಿದ್ರಿ" ಅಂದರು. ಅಷ್ಟೇ. ಭಾವ ಮುಂದೆ ಹೋಗಿ, "ಐದು ಜನ ಮಕ್ಕಳಲ್ವಾ, ಮಡಿಲಲ್ಲಿ ಕೂರಿಸ್ತೇವೆ. ಬೇಕಾದ್ರೆ ಐನೂರು ಜಾಸ್ತಿ ತಗೊಳ್ಳಿ" ಅಂದರು. ಅವರು ಆಗುವುದಿಲ್ಲ ಅಂದರು. ಭಾವನಿಗೆ ಸಿಟ್ಟು ಬಂತು. "ಇಡೀ ದೋಣಿ ನಾವು ಬಾಡಿಗೆಗೆ ಹಿಡಿದದ್ದು. ಅದರಲ್ಲಿ ಎಷ್ಟು ಜನ ಕೂರುವುದು ಅಂತ ನಾವು ಹೇಳುವುದಾ, ನೀವಾ?"

ನಾನು ಏನೂ ಹೇಳದೆ ನಿಂತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ದಿನಾ ಬೆಳಿಗ್ಗೆ ಮಕ್ಕಳಿಗೆ ಅಮಾನತ್, ಮಾತು ಉಳಿಸಿಕೊಳ್ಳುವುದು ಅಂತೆಲ್ಲ ಪಾಠ ಮಾಡುವವನು ನಾನು. ಎಂಟು ಅಂತ ಹೇಳಿ ಹದಿಮೂರು ಜನರನ್ನು ತಂದು ನಿಲ್ಲಿಸಿದವನೂ ನಾನೇ. ಕೊನೆಗೆ ದೋಣಿಯವರೇ ದಾರಿ ತೋರಿಸಿದರು. ಎರಡು ಸಲ ಹೋಗೋಣ, ಒಂದೊಂದು ಸಲ ಏಳು ಜನ, ಎರಡನೇ ಸುತ್ತಿಗೆ ಎಣ್ಣೆಯ ದುಡ್ಡು ಮತ್ತು ಸ್ವಲ್ಪ ಕೂಲಿ ಕೊಟ್ಟರೆ ಸಾಕು ಅಂದರು. ಮೊದಲ ಸುತ್ತಿಗೆ ಗಂಡಸರು ಮತ್ತು ಹುಡುಗರು, ಎರಡನೆಯದಕ್ಕೆ ಹೆಂಗಸರು ಮತ್ತು ಹೆಣ್ಣು ಮಕ್ಕಳು. ಎರಡರಲ್ಲೂ ನಾನು.

ಭಾವ ಕೇಳಿದ ಆ ಪ್ರಶ್ನೆ, ನಾವು ಹೇಳುವುದಾ ನೀವಾ ಅಂತ ಕೇಳಿದ್ದು, ಊರಿಗೆ ಬಂದ ಮೇಲೂ ನನ್ನ ತಲೆಯಿಂದ ಹೋಗಲಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಮೊದಲು ಒಂದು ಮಾತು. ಹೀಗೆ ಮನೆಯವರಷ್ಟೇ ಸೇರಿ ಸಣ್ಣ ದೋಣಿ ಹಿಡಿದು ಹೋಗುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ನಮ್ಮವರಲ್ಲಿ ಇದು ಇತ್ತೀಚೆಗೆ ಶುರುವಾದದ್ದು. ಹಿಂದೆ ಟೂರ್ ಅಂದರೆ ಬಸ್ಸು, ಝಿಯಾರತ್, ದಾರಿಯಲ್ಲೊಂದು ಬೀಚು. ಬೀಚಿನಲ್ಲಿ ಗಂಡಸರು ಮಕ್ಕಳು ನೀರಿಗೆ ಇಳಿಯುತ್ತಾರೆ, ಹೆಂಗಸರು ಮರದಡಿ ಬ್ಯಾಗು ಕಾಯುತ್ತಾರೆ. ನಮ್ಮ ಮಾಮಿ ಹುಟ್ಟಿದ ಮನೆಯಿಂದ ಕಡಲಿಗೆ ಒಂದು ಕಿಲೋಮೀಟರ್ ಇಲ್ಲ. ರಾತ್ರಿ ಮಲಗಿದರೆ ತೆರೆಯ ಸದ್ದು ಕೇಳುತ್ತದೆ. ಅರುವತ್ತನಾಲ್ಕು ವರ್ಷಕ್ಕೆ ಆಕೆ ಕಡಲಿನ ಒಳಗಿನಿಂದ ದಡವನ್ನು ನೋಡಿದ್ದು ಇದೇ ಮೊದಲು.

ಬಂದರಿನಿಂದ ಬೆಂಗ್ರೆಗೆ ದಿನಾ ಫೆರಿಯಲ್ಲಿ ಹೋಗಿ ಬರುವವರು ಇದನ್ನು ಓದಿ ನಗಬಹುದು. ಅವರ ವಿಷಯ ಬೇರೆ, ಅವರಿಗೆ ದೋಣಿ ಅಂದರೆ ನಮಗೆ ಸಿಟಿ ಬಸ್ಸು ಇದ್ದ ಹಾಗೆ. ಆದರೆ ಉಳಿದವರ ಮನೆಗಳಲ್ಲಿ ಕೇಳಿ ನೋಡಿ. ಬ್ಯಾರಿ ಅನ್ನುವ ಹೆಸರು ಕಡಲು ಅನ್ನುವ ಅರ್ಥದ 'ಬಹ್ರ್' ಎಂಬ ಅರಬಿ ಪದದಿಂದ ಬಂತು ಅಂತ ಕೆಲವರು, ವ್ಯಾಪಾರ ಅನ್ನುವ 'ಬ್ಯಾರ'ದಿಂದ ಬಂತು ಅಂತ ಕೆಲವರು ವೇದಿಕೆಗಳಲ್ಲಿ ಇನ್ನೂ ವಾದ ಮಾಡುತ್ತಾರೆ. ಯಾವುದೇ ಇರಲಿ, ಕಡಲಿನಿಂದ ಬಂದವರು ಅಂತ ಹೇಳಿಕೊಳ್ಳುವ ನಮ್ಮಲ್ಲಿ ಅರ್ಧ ಜನ ಕಡಲಿಗೆ ಬೆನ್ನು ಹಾಕಿ ಬ್ಯಾಗು ಕಾದವರು.

ದೊಡ್ಡ ಟೂರಿಸ್ಟ್ ಬೋಟುಗಳು ಇಲ್ಲವೇ? ಇವೆ. ಕಿವಿ ಒಡೆಯುವ ಹಾಡು, ನೂಕುನುಗ್ಗಲು, ಯಾರ ಮೊಬೈಲಿನಲ್ಲಿ ಯಾರ ಫೋಟೊ ಬರುತ್ತಿದೆಯೋ ಗೊತ್ತಿಲ್ಲ. ನಮ್ಮ ಹೆಂಗಸರು ಹತ್ತುವುದಿಲ್ಲ, ಹತ್ತಿದರೂ ಒಂದು ಮೂಲೆಯಲ್ಲಿ ಮುದುಡಿ ಕೂತು ವಾಪಸು ಬರುತ್ತಾರೆ. ಮನೆಯವರದ್ದೇ ದೋಣಿಯಾದರೆ ಆ ಸಂಕೋಚ ಇಲ್ಲ. ಇಷ್ಟಕ್ಕೇ ನಾನು ಇದರ ಪರ.

ಆದರೆ 'ನಮ್ಮದೇ ದೋಣಿ' ಅನ್ನುವ ಆ ಮಾತಿನೊಳಗೇ ಅಪಾಯವೂ ಕೂತಿದೆ.

2023ರ ಮೇ 7ರ ಸಂಜೆ ತಾನೂರಿನಲ್ಲಿ ಆದದ್ದು ನೆನಪಿದೆಯಲ್ಲ? ಮಲಪ್ಪುರಂ ಜಿಲ್ಲೆಯ ತಾನೂರು, ನಮ್ಮಲ್ಲಿ ಎಷ್ಟೋ ಉಸ್ತಾದರು ಕಲಿತ ಸೀಮೆ. ಪೆರ್ನಾಳ್ ಕಳೆದು ಎರಡು ವಾರ, ಮಕ್ಕಳಿಗೆ ಬೇಸಿಗೆ ರಜೆ, ಭಾನುವಾರ. ಮೀನುಗಾರಿಕೆಯ ದೋಣಿಯನ್ನೇ ಬದಲಿಸಿ ಮಾಡಿದ ಎರಡು ಅಂತಸ್ತಿನ ಪ್ರವಾಸಿ ಬೋಟು, ಹಿಡಿಸುವುದಕ್ಕಿಂತ ಹೆಚ್ಚು ಜನ. ಕತ್ತಲಾಗುವ ಹೊತ್ತಿಗೆ ಮಗುಚಿತು. 22 ಜನ ತೀರಿಹೋದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಒಂದೇ ಕುಟುಂಬದ ಹನ್ನೊಂದು ಜನರ ಮಯ್ಯಿತ್‌ಗಳನ್ನು ಸಾಲಾಗಿ ಇಟ್ಟ ಫೋಟೊ ನಮ್ಮ ಎಲ್ಲರ ಮೊಬೈಲಿಗೂ ಬಂದಿತ್ತು. ಯಾಸೀನ್ ಓದಿದೆವು, ಫಾರ್ವರ್ಡ್ ಮಾಡಿದೆವು, ಮರೆತೆವು.

ನಾವು ನಿಂತಿದ್ದ ಕಾಳಿ ನದಿಯ ಅಳಿವೆಯ ಆಚೆ, ಕೂರ್ಮಗಡ ದ್ವೀಪದ ಹತ್ತಿರವೇ 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅಲ್ಲೂ ತುಂಬ ಜನ ಹತ್ತಿದ್ದರು. ನಮ್ಮ ದೋಣಿಯವರು ಐನೂರು ರೂಪಾಯಿ ಬೇಡ ಅಂದದ್ದು ಯಾಕೆ ಅಂತ ನನಗೆ ಆಮೇಲೆ ಅರ್ಥವಾಯಿತು. ಅವರು ಆ ದಿನ ನೀರಿನಲ್ಲಿ ಜನರನ್ನು ಹುಡುಕಲು ಹೋದವರಲ್ಲಿ ಒಬ್ಬರು. ಆ ವಿಷಯ ನಾನು ಕೇಳಲಿಲ್ಲ, ಅವರಾಗಿಯೇ ಎರಡು ಮಾತಿನಲ್ಲಿ ಹೇಳಿ ಸುಮ್ಮನಾದರು.

ಮಡಿಲಲ್ಲಿ ಕೂತ ಮಗು ಲೆಕ್ಕಕ್ಕಿಲ್ಲ ಅಂತ ನಾವು ತಿಳಿದಿದ್ದೇವೆ. ಆಟೋದಲ್ಲಿ ಹಾಗೆ, ಓಮ್ನಿಯಲ್ಲಿ ಹಾಗೆ, ಬಸ್ಸಿನ ಟಿಕೇಟಿನಲ್ಲೂ ಹಾಗೆ. ದೋಣಿಗೆ ಟಿಕೇಟು ಗೊತ್ತಿಲ್ಲ, ಭಾರ ಗೊತ್ತು. ಅದೂ ಭಾರಕ್ಕಿಂತ ಹೆಚ್ಚಾಗಿ ಭಾರ ಎಲ್ಲಿದೆ ಅನ್ನುವುದು. ಎಲ್ಲರೂ ಕೂತಿರುವಷ್ಟು ಹೊತ್ತು ಸರಿ, "ಅಲ್ಲಿ ನೋಡಿ" ಅಂತ ಒಬ್ಬ ಕೂಗಿದ ಕೂಡಲೇ ಎಲ್ಲರೂ ಎದ್ದು ಒಂದೇ ಬದಿಗೆ ಹೋದರೆ ಆಗ ಕಷ್ಟ. ಡಾಲ್ಫಿನ್ ನೋಡಲು ಹೋಗುವ ದೋಣಿಯಲ್ಲಿ ಕೂಗುವುದು ಖಂಡಿತ, ಏಳುವುದೂ ಖಂಡಿತ. ಹತ್ತುವ ಮೊದಲೇ ಮಕ್ಕಳಿಗೆ ಇದನ್ನು ಹೇಳಿಟ್ಟಿರಬೇಕು. ಮಕ್ಕಳಿಗಿಂತ ಮೊದಲು ಭಾವಂದಿರಿಗೆ.

ಇನ್ನು ಲೈಫ್ ಜಾಕೆಟ್. ಇದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ, ನಮ್ಮ ಮನೆಗಳಲ್ಲಿ ತೊಂದರೆ ಆಗುವುದು ಇಲ್ಲೇ.

ಮಾಮಿಗೆ ಜಾಕೆಟ್ ಕೊಟ್ಟಾಗ ಆಕೆ ಕೈಯಲ್ಲಿ ಹಿಡಿದು, "ಬುರ್ಖಾದ ಮೇಲೆ ಇದೆಂಥ ಗೋಣಿಚೀಲ? ನಾನು ಕೈಯಲ್ಲಿ ಹಿಡ್ಕೊಳ್ತೇನೆ" ಅಂದರು. ಭಾವನ ಹೆಂಡತಿ ಒಂದು ತೋಳಿಗೆ ಸಿಕ್ಕಿಸಿಕೊಂಡು ಬೆಲ್ಟು ಹಾಕದೆ ಬಿಟ್ಟರು, ಎದೆಯ ಮೇಲೆ ಬಿಗಿಯುತ್ತದೆ, ನೋಡಲು ಚೆನ್ನಾಗಿರುವುದಿಲ್ಲ ಅಂತ. ದೋಣಿಯವರಿಗೆ ಹೆಂಗಸರ ಹತ್ತಿರ ಬಂದು ಬೆಲ್ಟು ಕಟ್ಟಲು ಸಂಕೋಚ. ನಮ್ಮ ಹೆಂಗಸರಿಗೆ ಅದಕ್ಕಿಂತ ಹೆಚ್ಚು ಸಂಕೋಚ. ಈ ಎರಡು ಸಂಕೋಚಗಳ ನಡುವೆ ಎಷ್ಟು ಜನ ಬೆಲ್ಟು ಕಟ್ಟದೆ ಹೋಗುತ್ತಾರೋ!

ಪರಿಹಾರ ಬಹಳ ಸುಲಭ. ದೋಣಿಯವರು ನನಗೆ ಹಾಕಿ ತೋರಿಸಿದರು, ನಾನು ನನ್ನ ಹೆಂಡತಿಗೆ ಹಾಕಿದೆ, ಅವಳು ಉಳಿದವರಿಗೆಲ್ಲ ಹಾಕಿದಳು. ಜಾಕೆಟ್ ಬುರ್ಖಾದ ಮೇಲೆಯೇ ಬರಬೇಕು, ಒಳಗಲ್ಲ. ಮಫ್ತಾದ ತುದಿ ಜಾಕೆಟ್ಟಿನ ಒಳಕ್ಕೆ ಹೋಗಲಿ, ಗಾಳಿಗೆ ಮುಖಕ್ಕೆ ಸುತ್ತುವುದಿಲ್ಲ. ಬೆಲ್ಟು ಎಲ್ಲವನ್ನೂ ಹಾಕಿ, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಜಾಕೆಟ್ ಗಲ್ಲದ ತನಕ ಬರಬಾರದು. ಬಂದರೆ ಸಡಿಲವಾಗಿದೆ ಅಂತ ಅರ್ಥ. ನನ್ನ ಸಣ್ಣ ಮಗಳಿಗೆ ದೊಡ್ಡವರ ಜಾಕೆಟ್ ಹಾಕಿದಾಗ ಅದು ಕಿವಿಯ ತನಕ ಬಂತು. ದೋಣಿಯವರು ಪಕ್ಕದ ದೋಣಿಯಿಂದ ಮಕ್ಕಳ ಅಳತೆಯದು ತಂದುಕೊಟ್ಟರು. ಫೋನ್ ಮಾಡುವಾಗಲೇ ಮಕ್ಕಳ ಜಾಕೆಟ್ ಇದೆಯಾ ಅಂತ ನಾನು ಕೇಳಬೇಕಿತ್ತು. ಬುರ್ಖಾದ ಕೆಳಗಿನ ಅಂಚು ನೆಲಕ್ಕೆ ತಾಗುವಷ್ಟು ಉದ್ದ ಇದ್ದರೆ ಹತ್ತುವಾಗ ಇಳಿಯುವಾಗ ಕಾಲಿಗೆ ಸಿಕ್ಕುತ್ತದೆ. ಸ್ವಲ್ಪ ಗಿಡ್ಡದ್ದು ಹಾಕಿ, ಒಳಗೆ ಸಡಿಲವಾದ ಪ್ಯಾಂಟು ಹಾಕಿಕೊಂಡರೆ ಪರದೆಯೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ವಾಹನ ಹತ್ತುವ ದುಆ ನಮ್ಮ ಮಕ್ಕಳಿಗೆ ಬಾಯಿಪಾಠ. ಅಂದೂ ಹೇಳಿದರು. ಮಾಮಿ "ದುಆ ಹೇಳಿ ಆಯ್ತಲ್ಲ, ಮತ್ತೆ ಇದೆಂತಕ್ಕೆ?" ಅಂದಾಗ ನನಗಿಂತ ಮೊದಲು ದೊಡ್ಡ ಮಗಳು, "ಒಂಟೆ ಕಟ್ಟಿದ ಪಾಠ ನೀವೇ ಅಲ್ವಾ ಉಮ್ಮಮ್ಮ ನಮಗೆ ಕಥೆ ಹೇಳಿದ್ದು?" ಅಂದಳು. ಮಾಮಿ ಕೈ ಚಾಚಿದರು, ಜಾಕೆಟ್ ಹಾಕಿಸಿಕೊಂಡರು.

ಕಾನೂನೂ ಸುಮ್ಮನೆ ಕೂತಿಲ್ಲ. ಒಳನಾಡಿನ ನೀರಿನಲ್ಲಿ ಓಡುವ ದೋಣಿಗಳಿಗಾಗಿಯೇ 2021ರಲ್ಲಿ ಹೊಸ ಕಾಯ್ದೆ ಬಂತು. 1917ರ ಬ್ರಿಟಿಷರ ಕಾಲದ ಕಾಯ್ದೆಯ ಜಾಗಕ್ಕೆ ಬಂದದ್ದು ಅದು. ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಎಲ್ಲ ಅದರಲ್ಲಿದೆ. ದೋಣಿಯ ಮೇಲೆ ನಂಬರು ಬರೆದಿದೆಯಾ, ಎಷ್ಟು ಜನರಿಗೆ ಪರವಾನಗಿ ಅಂತ ಕೇಳಲು ನಾವು ಹಿಂಜರಿಯಬಾರದು. ಕೇಳಿದರೆ ಒಳ್ಳೆಯ ದೋಣಿಯವರಿಗೆ ಬೇಜಾರಾಗುವುದಿಲ್ಲ. ಬೇಜಾರು ಮಾಡಿಕೊಂಡರೆ ಬೇರೆ ದೋಣಿ ನೋಡುವುದು ಒಳ್ಳೆಯದು.

ಸರಿ, ಡಾಲ್ಫಿನ್ ವಿಷಯಕ್ಕೆ ಬರುತ್ತೇನೆ.

ಮೊದಲ ಸುತ್ತಿನಲ್ಲಿ ಅಳಿವೆ ದಾಟಿ ಕಡಲಿಗೆ ಬಂದು ಹತ್ತು ನಿಮಿಷ ಆಗಿರಲಿಲ್ಲ, ದೂರದಲ್ಲಿ ಬೂದು ಬಣ್ಣದ ಬೆನ್ನು ಕಂಡಿತು. ಒಂದು, ಎರಡು, ಮೂರು. ದೋಣಿಯವರು ಎಂಜಿನ್ ತಗ್ಗಿಸಿದರು. ಭಾವ "ಹತ್ತಿರ ಹೋಗಿ, ಹತ್ತಿರ ಹೋಗಿ" ಅಂದರು. ಹುಡುಗರು ಸೀಟಿ ಹೊಡೆದರು. ದೋಣಿಯವರು ನನ್ನ ಮುಖ ನೋಡಿದರು. ಬಾಡಿಗೆ ಮಾತಾಡಿದವನು ನಾನಲ್ವಾ? ನಾನು ಈ ಸಲವೂ ಏನೂ ಹೇಳಲಿಲ್ಲ. ಬೆಳಿಗ್ಗೆ ಒಂದು ಸಲ ಗಿರಾಕಿಯ ಮಾತು ಮುರಿದಿದ್ದ ಆ ಮನುಷ್ಯ ಎರಡನೇ ಸಲ ಮುರಿಯಲು ಹೋಗಲಿಲ್ಲ. ಎಂಜಿನ್ ಏರಿತು. ನಾವು ಮುಂದೆ ಹೋದ ಹಾಗೆ ಬೆನ್ನುಗಳು ಇನ್ನೂ ಮುಂದೆ ಎದ್ದವು, ಮತ್ತೆ ಬಲಕ್ಕೆ, ಮತ್ತೆ ಎಲ್ಲೂ ಇಲ್ಲ. ಇಪ್ಪತ್ತು ಸೆಕೆಂಡಿನ ವೀಡಿಯೊ ಭಾವನಿಗೆ ಸಿಕ್ಕಿತು. ಅದು ಮಧ್ಯಾಹ್ನದೊಳಗೆ ಕುಟುಂಬದ ಮೂರು ಗ್ರೂಪಿಗೂ ಹೋಯಿತು.

ನನ್ನ ಮಗ ಹತ್ತು ವರ್ಷದವನು, ವಾಪಸು ಬರುವಾಗ ಕೇಳಿದ: "ಉಪ್ಪಾ, ಅವು ನಮ್ಮನ್ನು ನೋಡಿ ಹೆದರಿದ್ದಾ?"

ನಾವು ಟಿವಿಯಲ್ಲಿ ನೋಡಿದ ಡಾಲ್ಫಿನ್ ಮೇಲಕ್ಕೆ ಹಾರುತ್ತದೆ, ತಿರುಗುತ್ತದೆ, ಚೆಂಡು ಆಡುತ್ತದೆ. ಹೆಂಡತಿಯ ತಮ್ಮ ಮಸ್ಕತ್ತಿನ ಕಡಲಿನಲ್ಲಿ ಹಾರಿ ಗಿರಗಿರ ತಿರುಗುವ ಡಾಲ್ಫಿನ್‌ಗಳನ್ನು ನೋಡಿದ್ದಾನೆ, ಅದು ಬೇರೆ ಜಾತಿ. ಕಾರವಾರದ ದಡದ ಹತ್ತಿರ ಇರುವುದು ಬೆನ್ನಿನ ಮೇಲೆ ಗೂನು ಇರುವ ಜಾತಿ. ಇಂಗ್ಲಿಷಿನಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್ ಅನ್ನುತ್ತಾರೆ. ಇದು ದೊಡ್ಡ ಆಳಕ್ಕೆ ಹೋಗುವುದಿಲ್ಲ, ದಡಕ್ಕೆ ಹತ್ತಿರದ ಕಡಿಮೆ ನೀರಿನಲ್ಲಿ, ನದಿ ಕಡಲು ಸೇರುವಲ್ಲಿ ಮೀನು ಹಿಡಿದು ಬದುಕುತ್ತದೆ. ಅಂದರೆ ನಮ್ಮ ಬಲೆ, ಬೋಟು, ಬಂದರು, ಚರಂಡಿ ಎಲ್ಲ ಎಲ್ಲಿದೆಯೋ ಅಲ್ಲೇ ಅದರ ಮನೆ. ಹೆಚ್ಚು ಹಾರಾಟ ಇಲ್ಲ. ಉಸಿರಿಗೆ ಮೇಲೆ ಬರುತ್ತದೆ, ಬೆನ್ನು ತೋರಿಸುತ್ತದೆ, ಮುಳುಗುತ್ತದೆ. ಅದು ಮೀನಲ್ಲ, ನಮ್ಮ ಹಾಗೆ ಗಾಳಿ ಬೇಕು, ಮರಿಗೆ ಹಾಲು ಕೊಡುತ್ತದೆ. ಹೊಟ್ಟೆಯಲ್ಲಿ ವರ್ಷದ ಹತ್ತಿರ ಹೊತ್ತು ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಮತ್ತೆ ಕೆಲವು ವರ್ಷ. ಬಲೆಗೆ ಸಿಕ್ಕಿ ಮೇಲೆ ಬರಲು ಆಗದಿದ್ದರೆ ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ. ಜಗತ್ತಿನಲ್ಲಿ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಇದೂ ಇದೆ. ನಮ್ಮ ದೇಶದ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಮೊದಲನೇ ಪರಿಚ್ಛೇದದಲ್ಲೇ ಡಾಲ್ಫಿನ್ ಇದೆ. ಕಾಡಿನಲ್ಲಿ ಆನೆ ಕಂಡರೆ ನಾವು ಸೀಟಿ ಹೊಡೆದು ಅಟ್ಟಿಸಿಕೊಂಡು ಹೋಗುತ್ತೇವಾ?

ಗಲ್ಫಿನಲ್ಲಿರುವವರು ಇದನ್ನೂ ತಿಳಿದಿರಲಿ. ಈ ಜಾತಿಯ ಡಾಲ್ಫಿನ್ ಅಬುಧಾಬಿಯ ಕರಾವಳಿಯಲ್ಲಿ ಸುಮಾರು 700 ಇವೆ ಅಂತ ಎಣಿಸಿದ್ದಾರೆ. ಒಂದೇ ಕಡೆ ಅಷ್ಟು ಇರುವುದು ಬೇರೆಲ್ಲೂ ಕಂಡುಬಂದಿಲ್ಲ. ಒಮಾನಿನ ಮುಸಂದಮ್‌ನ ಖಸಬ್‌ನಲ್ಲಿ ನಮ್ಮ ಹುಡುಗರು ಧೌ ಹತ್ತಿ ನೋಡುವುದೂ ಹೆಚ್ಚಾಗಿ ಇದನ್ನೇ. ನಮ್ಮ ಹಾಗೆಯೇ ಇವರಿಗೂ ಅಲ್ಲೊಂದು ಮನೆ, ಇಲ್ಲೊಂದು ಮನೆ ಅಂತ ನಾನು ತಮಾಷೆಗೆ ಹೇಳಿದೆ. ಹೆಂಡತಿಯ ತಮ್ಮ ನಗಲಿಲ್ಲ. ಮಸ್ಕತ್ತಿನಲ್ಲೂ ಒಂದು ಗುಂಪಿನ ಸುತ್ತ ಹತ್ತಾರು ಬೋಟು ಸೇರುತ್ತವೆ, ಅಲ್ಲೂ ಕೂಗುವವರಲ್ಲಿ ನಾವಿರುತ್ತೇವೆ ಅಂದ.

ನೀರಿನೊಳಗೆ ಅವು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ಬದುಕುವುದು. ಸದ್ದು ಮಾಡಿ, ಅದು ತಾಗಿ ವಾಪಸು ಬರುವುದನ್ನು ಕೇಳಿ ಮೀನು ಎಲ್ಲಿದೆ ಅಂತ ತಿಳಿಯುತ್ತವೆ. ತಾಯಿ ಮರಿ ಒಂದನ್ನೊಂದು ಹುಡುಕುವುದೂ ಸದ್ದಿನಿಂದ. ಅಲ್ಲಿ ಹೋಗಿ ನಾವು ಎಂಜಿನ್ ಏರಿಸುವುದು ಅಂದರೆ ಮದ್ರಸದ ಕ್ಲಾಸಿನೊಳಗೆ ಜನರೇಟರ್ ಇಟ್ಟು ಪಾಠ ಕೇಳಿ ಅಂದ ಹಾಗೆ. ಆಸ್ಟ್ರೇಲಿಯಾದಲ್ಲಿ ದೋಣಿ ಡಾಲ್ಫಿನ್‌ಗೆ 50 ಮೀಟರ್, ತಿಮಿಂಗಿಲಕ್ಕೆ 100 ಮೀಟರ್‌ಗಿಂತ ಹತ್ತಿರ ಹೋಗಬಾರದು ಅಂತ ನಿಯಮ ಮಾಡಿದ್ದಾರೆ. 50 ಮೀಟರ್ ಅಂದರೆ ನಮ್ಮ ಮಸೀದಿಯ ಗೇಟಿನಿಂದ ಹೌಳ್ ತನಕ, ಅಷ್ಟೇ. ಅಷ್ಟು ದೂರದಿಂದ ಮನುಷ್ಯರ ಮುಖ ಗುರುತು ಸಿಗುತ್ತದೆ, ಡಾಲ್ಫಿನ್‌ನ ಬೆನ್ನು ಕಾಣುವುದಿಲ್ಲವಾ? ಹತ್ತಿರ ಬರಬೇಕೋ ಬೇಡವೋ ಅನ್ನುವುದನ್ನು ಅವಕ್ಕೆ ಬಿಡಬೇಕು.

ಎರಡನೇ ಸುತ್ತಿಗೆ ಹೋಗುವ ಮೊದಲು ನಾನು ದೋಣಿಯವರ ಹತ್ತಿರ ಹೋಗಿ, "ಈ ಸಲ ನೀವು ಹೇಳಿದ ಹಾಗೆ, ನಾವು ಯಾರೂ ಮಾತಾಡುವುದಿಲ್ಲ" ಅಂದೆ. ಅವರು ನಕ್ಕರು. "ಹೆಂಗಸರು ಗಲಾಟೆ ಮಾಡೂದಿಲ್ಲ ಸಾಯಬ್ರೆ, ಅದು ನಂಗೆ ಗೊತ್ತು" ಅಂದರು.

ಈ ಸಲ ಅದ್ಭುತ ನಡೆಯಿತು ಅಂತ ನಾನು ಬರೆದರೆ ಅದು ಸುಳ್ಳು. ಅಳಿವೆ ದಾಟುವಾಗ ತೆರೆಗೆ ದೋಣಿ ಎದ್ದು ಬಿದ್ದದ್ದಕ್ಕೆ ಸಣ್ಣ ಮಗಳು ಬೆಳಗಿನ ಚಹಾ ಬನ್ಸ್ ಎಲ್ಲ ಹೊರಗೆ ಹಾಕಿದಳು. ಭಾವನ ಹೆಂಡತಿ ಕಣ್ಣು ಮುಚ್ಚಿ ಸ್ವಲಾತ್ ಹೇಳುತ್ತ ಕೂತವರು ಕಣ್ಣು ತೆರೆಯಲು ಕಾಲು ಗಂಟೆ ಬೇಕಾಯಿತು. ದಕ್ಷಿಣಕ್ಕೆ ನೌಕಾನೆಲೆಯ ಜಾಗ, ಆ ಕಡೆ ಹೋಗಲು ಬಿಡುವುದಿಲ್ಲ. ದೋಣಿಯವರು ದೇವಬಾಗದ ಬದಿಗೆ ತಿರುಗಿಸಿ, ಕಡಲಕ್ಕಿಗಳು ನೀರಿಗೆ ಎರಗುತ್ತಿದ್ದ ಕಡೆ ಸ್ವಲ್ಪ ದೂರದಲ್ಲಿ ಎಂಜಿನ್ ಬಂದ್ ಮಾಡಿದರು. ಹಕ್ಕಿ ಎರಗುವಲ್ಲಿ ಮೀನಿನ ಹಿಂಡು ಇರುತ್ತದೆ, ಮೀನು ಇರುವಲ್ಲಿ ಅವು ಬರಬಹುದು, ಬರದೆಯೂ ಇರಬಹುದು ಅಂದರು. ಕೂತೆವು. ನೀರು ದೋಣಿಗೆ ಬಡಿಯುವ ಸದ್ದು ಬಿಟ್ಟರೆ ಏನಿಲ್ಲ. ಅರ್ಧ ಗಂಟೆಗೂ ಹೆಚ್ಚು. ಬಿಳಿ ಹೊಟ್ಟೆಯ ಕಡಲ ಹದ್ದು ಒಂದು ಮೇಲಿಂದ ಹೋಯಿತು. ಮಾಮಿ ದಡದ ಕಡೆಗೇ ನೋಡುತ್ತಿದ್ದರು. ಗುಡ್ಡ, ತೆಂಗು, ಸೇತುವೆ. "ಊರು ಇಷ್ಟು ಸಣ್ಣದಾ?" ಅಂದರು.

ಆಮೇಲೆ 'ಪುಸ್' ಅಂತ ಒಂದು ಸದ್ದು ಕೇಳಿತು. ಪ್ರೆಶರ್ ಕುಕ್ಕರಿನ ಸೀಟಿ ಏಳುವ ಮೊದಲು ಬರುವ ಹಾಗೆ. ಉಸಿರು ಬಿಟ್ಟದ್ದು. ನಮ್ಮ ಬಲಕ್ಕೆ ಮೂರು ಬೆನ್ನು, ಒಂದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣದು. ಎರಡು ಮೂರು ಸಲ ಎದ್ದವು, ದೋಣಿಯ ಮುಂದಿನಿಂದ ದಾಟಿ ಹೋದವು. ನಾಲ್ಕೈದು ನಿಮಿಷ. ಮೊದಲ ಸುತ್ತಿನಲ್ಲಿ ನಮಗೆ ಈ ಉಸಿರಿನ ಸದ್ದು ಕೇಳಿರಲೇ ಇಲ್ಲ, ಎಂಜಿನ್ ಮತ್ತು ಸೀಟಿಯ ನಡುವೆ ಕೇಳುವುದು ಹೇಗೆ? ಯಾರೂ ಮೊಬೈಲ್ ತೆಗೆಯಲಿಲ್ಲ. ತೆಗೆಯಬಾರದು ಅಂತಲ್ಲ, ಮೊಬೈಲೆಲ್ಲ ನೀರು ತಾಗದ ಹಾಗೆ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನನ್ನ ಹತ್ತಿರ ಕೊಟ್ಟಿದ್ದರು, ನಾನು ಮುಚ್ಚಳ ತೆರೆಯುವುದನ್ನೇ ಮರೆತೆ. ಅದಕ್ಕಾಗಿ ಹೆಂಡತಿಯಿಂದ ಇವತ್ತಿಗೂ ಕೇಳುತ್ತಿದ್ದೇನೆ.

ಇನ್ನು ದುಡ್ಡಿನ ಮಾತು. ಊರಿಗೆ ಬಂದ ಮೇಲೆ ಮೊಹಲ್ಲಾದ ಹಿರಿಯರೊಬ್ಬರು, ನಾನು ಕಾಕ ಅಂತ ಕರೆಯುವವರು, ಮಸೀದಿಯ ಹೊರಗೆ ಹಿಡಿದು ನಿಲ್ಲಿಸಿದರು. "ಉಸ್ತಾದರೇ, ಮೀನಿನ ಬೆನ್ನು ನೋಡಲು ಅಷ್ಟು ಸಾವಿರವಾ? ಇದು ಇಸ್ರಾಫ್ ಅಲ್ವಾ?" ಕೇಳುವುದರಲ್ಲಿ ತಪ್ಪಿಲ್ಲ. ನನ್ನ ಸಂಬಳ ಎಷ್ಟು ಅಂತ ಕಾಕನಿಗೆ ಗೊತ್ತು, ಕಮಿಟಿಯಲ್ಲಿದ್ದವರು. ದೋಣಿಗೆ ಎರಡು ಸುತ್ತಿಗೆ ಸೇರಿ ಐದು ಸಾವಿರದ ಒಳಗೆ ಆಯಿತು, ಮೂರು ಮನೆಯವರು ಹಂಚಿಕೊಂಡೆವು. ನಾನು ಕಾಕನಿಗೆ ಕೇಳಿದ್ದು ಇಷ್ಟೇ: ಕಳೆದ ಮದುವೆಯಲ್ಲಿ ಸ್ಟೇಜಿನ ಹೂವಿಗೆ ಎಷ್ಟು ಆಯಿತು? ಅವರು ಉತ್ತರ ಕೊಡಲಿಲ್ಲ. ಆ ಮದುವೆ ಅವರ ಮನೆಯದ್ದೇ ಆಗಿತ್ತು, ಕೇಳಬಾರದಿತ್ತೇನೋ.

ಆದರೆ ಚೌಕಾಸಿಯ ವಿಷಯದಲ್ಲಿ ನಾವು ಬದಲಾಗಬೇಕು. ಹಾಲ್ ಬುಕ್ ಮಾಡುವಾಗ, ಕೇಟರಿಂಗ್‌ನವರ ಹತ್ತಿರ ಚೌಕಾಸಿ ಮಾಡುವುದಿಲ್ಲ. ದೋಣಿಯವರ ಹತ್ತಿರ ಐನೂರು ಕಡಿಮೆ ಮಾಡಿಸಲು ಅರ್ಧ ಗಂಟೆ ವಾದ ಮಾಡುತ್ತೇವೆ. ಕಡಿಮೆ ಮಾಡಿಸಿದ ದುಡ್ಡು ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ಒಂದೋ ಇನ್ನೂ ನಾಲ್ಕು ಜನರನ್ನು ಹತ್ತಿಸಬೇಕು, ಅಥವಾ ಬೇಗ ಬೇಗ ಡಾಲ್ಫಿನ್ ತೋರಿಸಿ ಮುಗಿಸಿ ಇನ್ನೊಂದು ಸುತ್ತು ಹೊಡೆಯಬೇಕು. ಎಂಜಿನ್ ಬಂದ್ ಮಾಡಿ ಅರ್ಧ ಗಂಟೆ ಕಾಯುವ ತಾಳ್ಮೆಗೂ ಬೆಲೆ ಇದೆ. ಮಳೆಗಾಲದಲ್ಲಿ ಈ ದುಡಿಮೆ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಡಾಲ್ಫಿನ್ ತಮ್ಮ ಬಲೆ ಹರಿಯುತ್ತದೆ, ಒಳಗಿನ ಮೀನು ತಿನ್ನುತ್ತದೆ ಅಂತ ಮೀನುಗಾರರಿಗೆ ಸಿಟ್ಟೂ ಇದೆ, ನಮ್ಮ ದೋಣಿಯವರೇ ಹೇಳಿದರು. ಅದನ್ನೇ ತೋರಿಸಿ ನಾಲ್ಕು ಕಾಸು ಬಂದರೆ ಆ ಸಿಟ್ಟು ಸ್ವಲ್ಪ ತಗ್ಗುತ್ತದೆ ಅಂತ ಅವರೇ ನಕ್ಕರು.

ಕಾರವಾರಕ್ಕೇ ಹೋಗಬೇಕು ಅಂತಲ್ಲ. ಮುರ್ಡೇಶ್ವರದಿಂದ ನೇತ್ರಾಣಿಯ ಕಡೆ ಹೋಗುವವರಿದ್ದಾರೆ, ಆದರೆ ಅದು ಕಡಲಿನೊಳಗೆ ಬಹಳ ದೂರ, ಸಣ್ಣ ಮಕ್ಕಳು, ವಯಸ್ಸಾದವರು ಇರುವ ಮನೆಯವರಿಗೆ ನಾನು ಹೇಳುವುದಿಲ್ಲ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ನಿಧಾನಕ್ಕೆ ಹೋಗುವ ದೋಣಿಗಳಿವೆ, ತೆರೆಯ ಹೆದರಿಕೆ ಇಲ್ಲ. ಕಾಂಡ್ಲಾ ಬೇರಿನ ನಡುವೆ ಏಡಿ, ಸೀಗಡಿ, ಮೀನಿನ ಮರಿಗಳು ಬೆಳೆಯುತ್ತವೆ, ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಧಾರಾಳ. ಅಷ್ಟೂ ದೂರ ಬೇಡ ಅಂದರೆ ನಮ್ಮ ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆಯೇ ಇದೆ. ತಣ್ಣೀರುಬಾವಿ, ಸಸಿಹಿತ್ಲು ಕಡೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬಂದದ್ದನ್ನು, ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಮನೆಯ ಹಿತ್ತಿಲಿಗೇ ಬಂದ ಮುಸಾಫಿರ್‌ಗಳು ಅವು.

ಎಲ್ಲಿಗೇ ಹೋದರೂ ಬಿರಿಯಾನಿ ಪಾತ್ರೆ ದಡದಲ್ಲೇ ಇರಲಿ. ದೋಣಿಯಲ್ಲಿ ಊಟ ಬೇಡ, ತಟ್ಟೆ ಹಾರಿ ನೀರಿಗೆ ಹೋಗುತ್ತದೆ. ಹಕ್ಕಿಗೆ ಚಿಪ್ಸ್ ಎಸೆಯುವುದು ಸದಖ ಅಲ್ಲ, ಅವುಗಳ ಹೊಟ್ಟೆ ಕೆಡಿಸುವುದು.

ಭಾವ ಈಗಲೂ ಹೇಳುತ್ತಾರೆ, ನಿಮ್ಮ ಸುತ್ತಿನಲ್ಲಿ ನಾಲ್ಕು ಕಂಡದ್ದಕ್ಕೆ ಸಾಕ್ಷಿ ಎಲ್ಲಿದೆ, ನನ್ನ ಹತ್ತಿರ ವೀಡಿಯೊ ಇದೆ ಅಂತ. ನಾನು ವಾದ ಮಾಡುವುದಿಲ್ಲ. ಮಾಮಿ ಮಾತ್ರ ಬಂದವರಿಗೆಲ್ಲ ಆ 'ಪುಸ್' ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಅದನ್ನು ಕೇಳಿ ಪಕ್ಕದ ಮನೆಯ ಇಬ್ಬರು ಉಮ್ಮಂದಿರು, ಕಾಕನ ಹೆಂಡತಿಯೂ ಸೇರಿ, ನಮ್ಮನ್ನೂ ಕರ್ಕೊಂಡು ಹೋಗಿ ಅಂತ ಹೇಳಿ ಕಳಿಸಿದ್ದಾರೆ. ಮಳೆ ಕಳೆದು ಡಿಸೆಂಬರ್ ರಜೆಗೆ ಅಂತ ದೋಣಿಯವರಿಗೆ ಫೋನ್ ಮಾಡಿದೆ. "ಎಷ್ಟು ಜನ?" ಅಂದರು. ಹದಿನೈದು, ಮಕ್ಕಳೂ ಸೇರಿ, ಎರಡು ದೋಣಿ ಬೇಕು, ಮಕ್ಕಳ ಜಾಕೆಟ್ ನಾಲ್ಕು ಅಂದೆ. ಭಾವನಿಗೆ ಇನ್ನೂ ಹೇಳಿಲ್ಲ.